ಮಗ್ಗ ನಿಂತ ದಿನ ಬರುತ್ತಿದ್ದದ್ದು

ನಮ್ಮದು ಬನಹಟ್ಟಿ. ಮನೆಯ ಮುಂದಿನ ಪಡಸಾಲೆಯಲ್ಲಿ ಎರಡು ಪವರ್‌ಲೂಮ್ ಮಗ್ಗ, ಹಿಂದೆ ಅಡುಗೆಮನೆ, ನಡುವಿನ ಕೋಣೆಯಲ್ಲಿ ನಾವು. ಕರೆಂಟು ಇರುವಷ್ಟು ಹೊತ್ತು ಮಗ್ಗ ಬಡಿಯುತ್ತಲೇ ಇರುತ್ತದೆ. ಬೀಗರು ಬಂದರೆ ಮಾತೇ ಕೇಳಿಸುವುದಿಲ್ಲವೆಂದು ತಲೆ ಹಿಡಿದುಕೊಳ್ಳುತ್ತಾರೆ. ನಮಗೋ ಆ ಸದ್ದು ನಿಂತರೇ ಕಸಿವಿಸಿ. ಅದು ನಿಲ್ಲುವುದು ಅಮಾವಾಸ್ಯೆಗೆ ಮತ್ತು ಅದರ ಮರುದಿನ ಮಾತ್ರ, ಆ ಎರಡು ದಿನ ಓಣಿಯ ಮಗ್ಗಗಳಿಗೆಲ್ಲ ರಜೆ. ಆ ನಿಶ್ಶಬ್ದದ ದಿನಗಳಲ್ಲಿ ನಾನು ಏನಾಗಿದ್ದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ನರದ ನೋವಿಗೆ ಗುಳಿಗೆ ನುಂಗುತ್ತ, ತನಗೆ ಹುಚ್ಚು ಹಿಡಿಯುತ್ತಿದೆಯೇನೋ ಎಂದು ಯಾರನ್ನೂ ಕೇಳಲಾರದೆ ಕೂತವರು ಒಬ್ಬರಾದರೂ ಇದನ್ನು ಓದಲಿ.

ಶುರುವಾದದ್ದು ಸರ್ಪಸುತ್ತಿನಿಂದ. ಬಲ ಎದೆಯ ಕೆಳಗಿನಿಂದ ಬೆನ್ನಿನವರೆಗೆ ಪಟ್ಟಿ ಕಟ್ಟಿದ ಹಾಗೆ ಗುಳ್ಳೆ ಎದ್ದವು. ನಮ್ಮ ಅತ್ತೆ ಲಗಮವ್ವ ಕೆಮ್ಮಣ್ಣು ಹಚ್ಚುವವರನ್ನು ಮನೆಗೇ ಕರೆಸಿದರು. ತಲೆ ಬಾಲ ಎರಡೂ ಕೂಡಿದರೆ ಕೆಟ್ಟದ್ದೆಂದು ದಿನವೂ ನನ್ನ ಬೆನ್ನು ತಿರುಗಿಸಿ ನೋಡಿದರು. ಕೆಲವು ವಾರಗಳಲ್ಲಿ ಗುಳ್ಳೆ ಒಣಗಿ ಉದುರಿದವು, ಹೋಯಿತಲ್ಲ ಸದ್ಯ ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಉರಿ ಹೋಗಲಿಲ್ಲ. ಚರ್ಮ ನೋಡಿದರೆ ಏನೂ ಇಲ್ಲ, ಕುಪ್ಪಸದ ಹೊಲಿಗೆ ತಾಗಿದರೆ ಮಾತ್ರ ಕಾದ ಸರಳು ಒತ್ತಿದ ಹಾಗಾಗುತ್ತಿತ್ತು. ಫ್ಯಾನಿನ ಗಾಳಿ ಬಡಿದರೂ ಅಳುತ್ತಿದ್ದೆ. ಗಾಯವಿಲ್ಲದ ನೋವನ್ನು ಎಷ್ಟು ದಿನ ಅಂತ ಜನ ನಂಬುತ್ತಾರೆ? ಪಕ್ಕದ ಮನೆಯಾಕೆ ನನ್ನನ್ನು ಬಾಣಂತಿ ಎಂದು ಕರೆಯತೊಡಗಿದಳು. ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ.

ಊರಿನ ದವಾಖಾನೆಗಳ ಸೂಜಿ ಮುಲಾಮು ಎಲ್ಲ ಮುಗಿದ ಮೇಲೆ ನನ್ನ ಗಂಡ ಮಾಳಪ್ಪ ಜಮಖಂಡಿಯ ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹೊರಗೆ ಕಾಯುವವರು ಅಷ್ಟೊಂದು ಜನ, ಒಳಗೆ ಮಾತಾಡಲು ಸಿಕ್ಕಿದ್ದು ಇಷ್ಟೇ ಇಷ್ಟು ಹೊತ್ತು. ಡಾಕ್ಟರು ನನ್ನ ಪಕ್ಕೆಗೆ ಹತ್ತಿ ಸೋಕಿಸಿದರು, ನಾನು ಚೀರಿದೆ. ಇದು ಖರೇ ನೋವು, ನರ ಕೆಟ್ಟಿದೆ ಎಂದರು. ಅಷ್ಟು ಮಾತಿಗೇ ನನಗೆ ಅಳು ಬಂತು. ಬೆಳಿಗ್ಗೆ ಒಂದು ಸಂಜೆ ಒಂದು ಗುಳಿಗೆ, ದಿನವೂ ಬಿಡದೆ ತೆಗೆದುಕೊಳ್ಳಬೇಕು, ತಲೆ ತಿರುಗಿ ಸ್ವಲ್ಪ ಜೋಲಿ ಬರಬಹುದು ಎಂದು ಹೇಳಿ ಮುಂದಿನವರನ್ನು ಕರೆದರು.

ಗುಳಿಗೆ ಹಿಡಿಯಿತು, ಅದನ್ನು ಇಲ್ಲವೆನ್ನಲಾರೆ. ಕೆಲವು ದಿನಗಳಲ್ಲಿ ಉರಿ ಅರ್ಧಕ್ಕೆ ಇಳಿಯಿತು, ಎಷ್ಟೋ ಕಾಲದ ಮೇಲೆ ಮಗ್ಗುಲಾಗಿ ಮಲಗಿದೆ. ಆದರೆ ಉಪಕಾರ ಮಾಡಿದ ಬೀಗರ ಹಾಗೆ ಅದು ಮನೆಯಲ್ಲಿ ತನ್ನದೇ ನಡೆಸಲು ಶುರುಮಾಡಿತು. ಎದ್ದು ನಿಂತರೆ ನೆಲ ವಾಲುತ್ತಿತ್ತು. ಬಾಗಿಲ ಚೌಕಟ್ಟು ಹಿಡಿದು ನಡೆಯುವ ನನ್ನನ್ನು ಕಂಡು ಎದುರುಮನೆಯ ಮುದುಕ, ಮಾಳಪ್ಪನ ಹೆಂಡತಿಗೂ ಕುಡಿಯುವ ಚಟ ಹತ್ತಿತೇ ಎಂದು ವಿಚಾರಿಸಿದನಂತೆ. ಪಾದ ಬಾತು ಚಪ್ಪಲಿ ಹಿಡಿಯದಾಯಿತು. ಮಾತಿನ ನಡುವೆ ಸುಲಭದ ಶಬ್ದಗಳೇ ಮಾಯವಾಗುತ್ತಿದ್ದವು, ಒಮ್ಮೆ ಸಾರಿಗೆ ಹುಳಿ ಹಾಕಲು ಹುಣಸೆಯ ಹೆಸರು ನೆನಪಾಗದೆ ಕೈಯಾಡಿಸುತ್ತ ನಿಂತಿದ್ದೆ. ನಮ್ಮ ಮಗಳು ಭಾಗ್ಯಾಗೆ ಆಗ ಹತ್ತು ವರ್ಷ. ಅವಳಿಗೆ ಇದೊಂದು ಆಟವಾಗಿತ್ತು. ನಾನು ಮರೆತ ಶಬ್ದವನ್ನು ತಾನು ಹೇಳಿ ಚಪ್ಪಾಳೆ ತಟ್ಟುತ್ತಿದ್ದಳು.

ಇನ್ನು ನಮ್ಮ ಮನೆಯ ಅಮಾವಾಸ್ಯೆಯ ವಿಷಯ. ಅತ್ತೆ ಬೀರೇಶ್ವರನ ಕಟ್ಟಾ ಭಕ್ತೆ. ಮಗ್ಗ ಬಂದ ಮೇಲೂ ಅವರ ಲೆಕ್ಕ ಕುರಿ ಕಾಯ್ದ ಹಿರಿಯರ ಲೆಕ್ಕವೇ. ಅಮಾವಾಸ್ಯೆಗೆ ಮಗ್ಗ ಒರೆಸಿ ದೇವರ ಅರಿಶಿನದ ಭಂಡಾರ ಹಚ್ಚಿ ದೀಪ ಇಡುತ್ತಾರೆ. ಅಂದು ನೂಲು ಮುಟ್ಟುವಂತಿಲ್ಲ, ಕತ್ತರಿ ಹಿಡಿಯುವಂತಿಲ್ಲ, ಔಷಧವನ್ನಂತೂ ಬಾಯಿಗೆ ಹಾಕುವಂತಿಲ್ಲ. ಮರುದಿನ ಕರಿ, ಒಳ್ಳೆಯದಕ್ಕೆ ಆಗದ ದಿನ, ಅಂದೂ ಅಷ್ಟೇ. ಗುಳಿಗೆ ಶುರುವಾಗಿ ಒಂದು ತಿಂಗಳಾಗುವ ಹೊತ್ತಿಗೆ ಬಂದ ಅಮಾವಾಸ್ಯೆಯ ಬೆಳಿಗ್ಗೆ, ಅತ್ತೆ ಕಿಟಕಿಯಲ್ಲಿದ್ದ ನನ್ನ ಗುಳಿಗೆಯ ಡಬ್ಬಿಯನ್ನು ಎತ್ತಿ ಗೋಡೆಯಲ್ಲಿನ ದೇವರ ಮಾಡದಲ್ಲಿ ಇಟ್ಟರು. ಅಮಾವಾಸ್ಯೆಗೆ ತಿಂದ ಮದ್ದು ಮೈಗೆ ಹತ್ತುವುದಿಲ್ಲ, ಕರಿ ಕಳೆದ ಮೇಲೆ ಕೊಡುತ್ತೇನೆ ಎಂದರು. ದಿನವೂ ಮಗ್ಗ ನಡೆಯುತ್ತದೆ ಎಂದು ನಾವು ಹೇಳುವಾಗ ಅಮಾವಾಸ್ಯೆಯನ್ನು ಬಿಟ್ಟೇ ಹೇಳುತ್ತೇವೆ, ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಡಾಕ್ಟರು ದಿನವೂ ಅಂದದ್ದನ್ನೂ ನಾನು ಹಾಗೇ ತಿಳಿದಿದ್ದೆ. ಮೈಗೂ ಎರಡು ದಿನ ಜೋಲಿ ತಪ್ಪಲಿ ಎಂದು ಒಳಗೊಳಗೇ ಖುಷಿಯಾಗಿತ್ತು.

ಅದು ಬಂದದ್ದು ಮರುದಿನ ಮಧ್ಯಾಹ್ನ. ಮೊದಲು ಬೆವರು. ಕೂತಲ್ಲೇ ಸೀರೆ ತೊಯ್ಯಿತು. ಎದೆ ಗಂಟಲಲ್ಲಿ ಬಡಿಯತೊಡಗಿತು, ಕೈ ಹಿಡಿದರೂ ನಿಲ್ಲದಂತೆ ನಡುಗಿದವು. ಉರಿ ಮೊದಲಿಗಿಂತ ಹೆಚ್ಚಾಗಿ ತಿರುಗಿ ಬಂತು. ಅದನ್ನಾದರೂ ತಡೆದೇನು, ಅದರ ಜೊತೆ ಬಂದ ಹೆದರಿಕೆಯನ್ನು ಹೇಗೆ ಹೇಳಲಿ? ಯಾವುದಕ್ಕೆ ಹೆದರಿದೆನೋ ನನಗೇ ಗೊತ್ತಿರಲಿಲ್ಲ. ಗೋಡೆ, ಕಿಟಕಿ, ತಂಬಿಗೆ, ಎಲ್ಲವೂ ನನ್ನನ್ನು ಕೊಲ್ಲಲು ಕಾದಿವೆ ಅನಿಸಿತು. ಭಾಗ್ಯಾ ಊಟದ ತಾಟು ಹಿಡಿದು ಬಂದು ಮೆಲ್ಲಗೆ ನನ್ನ ತೋಳು ಮುಟ್ಟಿದಳು. ನಾನು ಅವಳನ್ನು ದೂಡಿ ಕಿರುಚಿದೆ. ಆ ದನಿ ನನ್ನದೆಂದು ನನಗೇ ಗುರುತು ಸಿಗಲಿಲ್ಲ. ಮಗು ಅನ್ನದ ನಡುವೆ ಬಿದ್ದು ನನ್ನನ್ನೇ ನೋಡುತ್ತಿತ್ತು. ಆ ನೋಟ ನಾನು ಸಾಯುವತನಕ ಮರೆಯಲಾರೆ.

ಕರಿ ಕಳೆದ ಮೇಲೆ ಡಬ್ಬಿ ಕೈಗೆ ಬಂತು. ರಜೆ ಮುಗಿದ ಮೇಲೆ ನೇಯದೆ ತಪ್ಪಿದ ಗಜ ತುಂಬಲು ನಾವು ಮಗ್ಗವನ್ನು ಹೆಚ್ಚು ಹೊತ್ತು ಓಡಿಸುತ್ತೇವೆ. ಅದೇ ಬುದ್ಧಿಯಲ್ಲಿ ನಾನು ಒಂದರ ಬದಲು ಎರಡೆರಡು ಗುಳಿಗೆ ನುಂಗಿದೆ. ಆಮೇಲೆ ಕಂಡಿಕೆ ಸುತ್ತುವ ಯಂತ್ರದ ಮುಂದೆ ಕೂತೆ. ಮಗ್ಗದ ಲಾಳಿಯೊಳಗೆ ಹಾಕುವ ಸಣ್ಣ ಕೊಳವೆಗೆ ನೂಲು ಸುತ್ತುವ ಯಂತ್ರ ಅದು, ಮದುವೆಯಾಗಿ ಬಂದಾಗಿನಿಂದ ನನ್ನದೇ ಕೆಲಸ. ಯಾವಾಗ ಕಣ್ಣು ಮುಚ್ಚಿತೋ ತಿಳಿಯಲಿಲ್ಲ. ಸೆರಗು ಯಂತ್ರದ ಓಡುವ ಪಟ್ಟೆಗೆ ಸಿಕ್ಕು ನನ್ನ ಕುತ್ತಿಗೆಯನ್ನು ಎಳೆದಾಗ ಎಚ್ಚರವಾಯಿತು. ಮಾಳಪ್ಪ ಓಡಿ ಬಂದು ಮೇನ್ ಸ್ವಿಚ್ಚು ತೆಗೆದರು. ಸೆರಗು ಹರಿಯಿತು, ಕುತ್ತಿಗೆ ಉಳಿಯಿತು. ಅಮಾವಾಸ್ಯೆಗೆ ಬಂದದ್ದು ಇನ್ನೂ ಹೋಗಿಲ್ಲ, ಅದೇ ಎಳೆಯಿತು ಎಂದು ಅತ್ತೆ ಗಡಗಡ ನಡುಗಿದರು.

ಮುಂದಿನ ಅಮಾವಾಸ್ಯೆಗೂ ಹಾಗೇ ಆಯಿತು, ಅದರ ಮುಂದಿನದಕ್ಕೂ. ಅಷ್ಟರಲ್ಲಿ ಓಣಿಯವರು ಅದಕ್ಕೆ ದೆವ್ವದ ಗಾಳಿ ಎಂಬ ಹೆಸರನ್ನೂ ಇಟ್ಟಿದ್ದರು. ಗುಡಿಯ ಪೂಜಾರಿ ಕಣ್ಣು ಮುಚ್ಚಿ, ಇದು ಹೊರಗಿನ ಗಾಳಿ, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಬಲಿಯುತ್ತದೆ ಎಂದ. ನನಗೂ ಬೇರೆ ಏನೂ ತೋಚಲಿಲ್ಲ. ತವರು ರನ್ನ ಬೆಳಗಲಿಯಿಂದ ನನ್ನ ತಾಯಿ ಬಂದು ನಿಂಬೆಹಣ್ಣು ಇಳಿಸಿದಳು. ಅತ್ತೆಯನ್ನು ಕೆಟ್ಟವರೆಂದು ಯಾರೂ ತಿಳಿಯಬಾರದು. ನನ್ನ ಹೊಲಸು ಬಟ್ಟೆ ಒಗೆದದ್ದು ಅವರೇ, ನಾನು ಕಚ್ಚಲು ಹೋದಾಗಲೂ ತಲೆ ತೊಡೆಯ ಮೇಲಿಟ್ಟುಕೊಂಡದ್ದು ಅವರೇ. ಪ್ರತಿ ಸಲ ಅಷ್ಟೇ ಪ್ರೀತಿಯಿಂದ ಡಬ್ಬಿಯನ್ನು ಮಾಡಕ್ಕೆ ಎತ್ತಿಡುತ್ತಿದ್ದರು. ಬಂದ ಪೀಡೆ ಗಟ್ಟಿಯಾದಷ್ಟೂ ಮಡಿಯೂ ಗಟ್ಟಿಯಾಗಬೇಕಲ್ಲ.

ಮೂರನೆಯ ಸಲದ ನಂತರ ಭಾಗ್ಯಾಳನ್ನು ಕಳಿಸಿಬಿಟ್ಟರು. ನನ್ನ ನಾದಿನಿ ಸಮೀರವಾಡಿಯಲ್ಲಿದ್ದಾಳೆ, ಅವಳ ಗಂಡನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಮಗು ಅಲ್ಲೇ ಸಾಲಿಗೆ ಹೋಗಲಿ, ಇದು ಬಿಡುವತನಕ ತಾಯಿಯ ಹತ್ತಿರ ಬೇಡ ಎಂದು ಮಾತಾಯಿತು. ಯಾರೂ ನನ್ನನ್ನು ಕೇಳಲಿಲ್ಲ, ಕೇಳಿದ್ದರೂ ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಅವಳು ಹೊರಡುವಾಗ ಬಾಗಿಲಲ್ಲಿ ನಿಂತು, ಹತ್ತಿರ ಬರದೆಯೇ ಕೇಳಿದಳು.

"ಅವ್ವಾ, ಅದು ಹೋದ ಮ್ಯಾಲ ನನಗ ಹೇಳಿ ಕಳಸ್ತಿ ಹೌದಿಲ್ಲೊ?"

ಹೂಂ ಎಂದು ತಲೆಯಾಡಿಸಿದೆ. ಆ ದಿನಗಳಲ್ಲಿ ನಾನು ಇರುವುದೇ ಬೇಡ ಅನಿಸುತ್ತಿತ್ತು. ಕೂತರೂ ನಿಂತರೂ ಅದೇ ಯೋಚನೆ. ನಾನಿಲ್ಲದಿದ್ದರೆ ಮಗಳು ಮನೆಗೆ ಬರುತ್ತಾಳೆ, ಎಲ್ಲರೂ ಹಗುರಾಗುತ್ತಾರೆ, ಇಷ್ಟೇ ಲೆಕ್ಕ. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಗಾಳಿಯೇ ಹೇಳಿಸುತ್ತಿದೆ ಎನ್ನುತ್ತಿದ್ದರು. ಗುಳಿಗೆಯಿಂದಲೂ ಇಂಥ ಯೋಚನೆ ಬರಬಹುದು ಎಂದು ಆಗ ನನಗೆ ಗೊತ್ತಿರಲಿಲ್ಲ.

ಹೀಗಿರುವಾಗ ಒಂದು ತಿಂಗಳ ನಡುವೆ ಗುಳಿಗೆ ತೀರಿದವು. ಹುಣ್ಣಿಮೆ ಆಗಿ ಒಂದೆರಡು ದಿನವಾಗಿತ್ತು ಅಷ್ಟೇ. ಊರಿನ ಔಷಧದಂಗಡಿಯವನು ನಾಳೆ ಬರುತ್ತವೆ ಎಂದ, ಮರುದಿನವೂ ಅದನ್ನೇ ಹೇಳಿದ. ಮಾಳಪ್ಪನಿಗೆ ಮಗ್ಗಕ್ಕೆ ಏರಿಸಿದ ಹಾಸು ನೇಯ್ದು ಮುಗಿಸಿ ಕೊಡುವ ಅವಸರ, ಜಮಖಂಡಿಗೆ ಹೋಗಿ ತರಲು ಆಗಿರಲಿಲ್ಲ. ಎರಡು ದಿನ ತಾನೇ ಎಂದು ನಾನೇ ಸುಮ್ಮನಿದ್ದೆ. ಎರಡನೆಯ ದಿನ ಮಧ್ಯಾಹ್ನ ಬೆವರು ಶುರುವಾಯಿತು.

ಆ ಬೆವರನ್ನು ನಾನು ಗುರುತಿಸಿದೆ. ಎದೆ ಗಂಟಲಿಗೆ ಬಂತು, ಕೈ ನಡುಗಿದವು, ಹೆದರಿಕೆ ಮೂಲೆಯಿಂದ ಎದ್ದು ಬಂತು. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಮುದುಡಿದೆ. ಗೋಡೆ ಅದುರುತ್ತಿತ್ತು. ಮೊದಲು ಅದು ನನ್ನ ನಡುಕವೇ ಎಂದುಕೊಂಡೆ. ಆಮೇಲೆ ತಿಳಿಯಿತು, ಅದು ಮಗ್ಗ. ಮಗ್ಗ ಬಡಿಯುತ್ತಿತ್ತು, ಪಕ್ಕದವರದೂ ಬಡಿಯುತ್ತಿತ್ತು, ಇಡೀ ಓಣಿ ಬಡಿಯುತ್ತಿತ್ತು. ಹಾಗಾದರೆ ಇಂದು ಅಮಾವಾಸ್ಯೆಯೂ ಅಲ್ಲ, ಕರಿಯೂ ಅಲ್ಲ. ಹಲ್ಲು ಕಟಕಟ ಎನ್ನುತ್ತಿದ್ದರೂ ಆ ಒಂದು ವಿಚಾರವನ್ನು ಬಿಡದೆ ಹಿಡಿದುಕೊಂಡೆ. ತೆವಳುತ್ತ ಪಡಸಾಲೆಗೆ ಹೋಗಿ ಮಾಳಪ್ಪನ ಕಾಲು ಹಿಡಿದೆ. ಅವರು ಮಗ್ಗ ನಿಲ್ಲಿಸಿದರು.

"ಇವತ್ತ ಅಮಾಸಿ ಐತೇನ್ರಿ?"

"ಇಲ್ಲಬೇ. ಯಾಕ?"

"ಮತ್ತ ಇದ್ಯಾಕ ಬಂತು?"

ಅವರು ನನ್ನ ಮುಖವನ್ನೂ ಕಿಟಕಿಯಲ್ಲಿದ್ದ ಖಾಲಿ ಡಬ್ಬಿಯನ್ನೂ ಒಂದಾದ ಮೇಲೊಂದು ನೋಡಿದರು. ಅವರು ಮಾತು ಕಡಿಮೆಯ ಮನುಷ್ಯ, ನೂಲು ಎಲ್ಲಿ ಹರಿಯಿತು ಎಂದು ಹುಡುಕುವುದರಲ್ಲೇ ಆಯುಷ್ಯ ಕಳೆದವರು. ಹಾಸನ್ನು ಅರ್ಧಕ್ಕೇ ಬಿಟ್ಟು ಅಂಗಿ ಹಾಕಿಕೊಂಡರು.

ಜಮಖಂಡಿಗೆ ಅತ್ತೆಯೂ ಬಂದರು. ನನ್ನನ್ನು ಒಬ್ಬ ಗಂಡಸು ಹಿಡಿದುಕೊಂಡರೆ ಸಾಲದು ಎಂಬುದೊಂದು ಕಾರಣ, ಇದನ್ನು ಕಣ್ಣಿನಿಂದ ದೂರ ಬಿಡಬಾರದು ಎಂಬುದು ಇನ್ನೊಂದು. ಸೊಂಟದಲ್ಲಿ ಭಂಡಾರದ ಚೀಲ ಇತ್ತು. ದವಾಖಾನೆಯ ಬೆಂಚಿನ ಮೇಲೆ ಜಾಗವಿರಲಿಲ್ಲ. ನಾನು ನೆಲಕ್ಕೇ ಕೂತು ಜೋರಾಗಿ ನಡುಗುತ್ತಿದ್ದರೆ ಜನ ಸರಿದು ಕೂತರು. ಒಬ್ಬಾಕೆ ಮಾತ್ರ ಸರಿಯಲಿಲ್ಲ. ಬೀಳಗಿ ಕಡೆಯವಳು, ಹಳೆಯ ಊರು ಹಿನ್ನೀರಿಗೆ ಹೋಗಿ ಈಗ ಪುನರ್ವಸತಿ ಊರಿನಲ್ಲಿರುವವಳು. ಅವಳ ಗಂಡನಿಗೂ ಕಾಲಿನ ನರದ ಉರಿಯಂತೆ. ಏನು ಎತ್ತ ಎಂದು ಕೇಳದೆ ನನ್ನ ಬಾತ ಪಾದಗಳಿಂದ ಚಪ್ಪಲಿ ಬಿಡಿಸಿದಳು. ಪಾದಗಳನ್ನು ತನ್ನ ಮಡಿಲಿಗೆ ಎತ್ತಿಕೊಂಡು ನಮ್ಮ ಸರದಿ ಬರುವತನಕ ಹಾಗೇ ಕೂತಳು. ಅವಳ ಹೆಸರನ್ನೂ ಕೇಳಲಿಲ್ಲ ನಾನು. ಅವತ್ತು ನನ್ನನ್ನು ಮನುಷ್ಯಳೆಂದು ಮುಟ್ಟಿದವಳು ಅವಳೊಬ್ಬಳೇ.

ಒಳಗೆ ಡಾಕ್ಟರು ನಾಡಿ ಹಿಡಿದು, ಗುಳಿಗೆ ಕೊನೆಗೆ ತೆಗೆದುಕೊಂಡದ್ದು ಯಾವಾಗ ಎಂದು ಕೇಳಿದರು. ಮಾಳಪ್ಪ ಹೇಳಿದರು. ಹಿಂದೆಯೂ ಹೀಗಾಗಿತ್ತೇ ಎಂದರು. ಪ್ರತಿ ಅಮಾವಾಸ್ಯೆಯ ಮರುದಿನ ಎಂದು ನಾನು ಹೇಳಿದೆ. ಡಾಕ್ಟರು ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಅಮಾವಾಸ್ಯೆಗೆ ಗುಳಿಗೆಯನ್ನು ಏನು ಮಾಡುತ್ತೀರಿ ಎಂದು ಕೇಳಿದರು. ಆಗ ಬಾಗಿಲ ಹತ್ತಿರ ನಿಂತಿದ್ದ ಅತ್ತೆ ಒಂದು ಹೆಜ್ಜೆ ಮುಂದೆ ಬಂದರು.

"ನಾನಽ ಎತ್ತಿಡ್ತೀನ್ರಿ. ಅಮಾಸಿ, ಕರಿ, ಎರಡ ದಿನ. ನಮ್ಮ ಮನ್ಯಾಗ ನಡಕೊಂಡ ಬಂದದ್ದು."

"ಈ ಗುಳಿಗಿ ಏಕದಂ ಬಿಟ್ರ ಹಿಂಗಽ ಆಗ್ತೈತ್ರಿ ತಾಯಿ," ಎಂದರು ಡಾಕ್ಟರು. "ಗಾಳಿ ಅಲ್ಲ, ಹುಚ್ಚೂ ಅಲ್ಲ. ಮೊದಲ ದಿನಾನಽ ನಾ ಬಿಡಿಸಿ ಹೇಳಬೇಕಿತ್ತು."

ಮೈಗೆ ಒಮ್ಮೆ ರೂಢಿಯಾದ ಮೇಲೆ ಅದನ್ನು ನಿಲ್ಲಿಸುವುದಾದರೂ ತಾವು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು ಎಂದು ತಿಳಿಸಿದರು. ತಪ್ಪಿದ್ದನ್ನು ತುಂಬಲು ಎರಡು ಕೂಡಿಸಿ ನುಂಗುವುದು ಇನ್ನೂ ಅಪಾಯ, ನಿದ್ದೆಯ ಗುಳಿಗೆಯನ್ನೋ ಕೆಮ್ಮಿನ ಔಷಧವನ್ನೋ ಕೇಳದೆ ಅದರ ಜೊತೆ ತೆಗೆದುಕೊಂಡರೆ ಉಸಿರಿಗೇ ತೊಂದರೆ ಎಂದರು. ಯಂತ್ರದ ಮುಂದೆ ಸದ್ಯ ಕೂಡಬೇಡ ಎಂದರು. ಬಾತ ಕಾಲು ಒತ್ತಿ ನೋಡಿ ಪ್ರಮಾಣ ಇಳಿಸುವ ದಾರಿ ಹೇಳಿಕೊಟ್ಟರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು.

"ಸಾಯಬೇಕು ಅಂತ ಅನಿಸಿತ್ತೇನವಾ?"

ಅಷ್ಟು ತಿಂಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಗಂಡ ಇದ್ದಾರೆ, ಅತ್ತೆ ಇದ್ದಾರೆ ಎಂದು ನಾಲಿಗೆ ತಡವರಿಸಿತು. ಆದರೂ ಹೌದು ಎಂದೆ, ದಿನವೂ ಎಂದೆ. ಮಾಳಪ್ಪ ಮುಖ ಗೋಡೆಗೆ ತಿರುಗಿಸಿದರು. ಡಾಕ್ಟರು ಗಾಬರಿಯಾಗಲಿಲ್ಲ. ಈ ಗುಳಿಗೆಯಿಂದಲೂ, ಅದನ್ನು ಹಠಾತ್ತಾಗಿ ಬಿಟ್ಟಾಗಲೂ ಕೆಲವರಿಗೆ ಹಾಗೆ ಅನಿಸುತ್ತದೆ, ಮತ್ತೆ ಅನಿಸಿದರೆ ಆ ಕ್ಷಣವೇ ಮನೆಯವರಿಗೆ ಹೇಳಬೇಕು, ತಮ್ಮ ಹತ್ತಿರ ಬರಬೇಕು ಎಂದರು. ನನ್ನನ್ನು ಒಬ್ಬಳನ್ನೇ ಬಿಡಬೇಡಿ ಎಂದು ಅತ್ತೆಗೆ ಹೇಳಿದರು. ಅತ್ತೆಯ ಕೈ ಸೊಂಟದ ಚೀಲದ ಮೇಲೆ ಹಾಗೇ ನಿಂತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನಲ್ಲಿದ್ದೆವು. ಅಂಗಡಿಯಿಂದ ತಂದ ಗುಳಿಗೆ ನುಂಗಿಯಾಗಿತ್ತು, ನಡುಕ ಇನ್ನೂ ಪೂರ್ತಿ ಇಳಿದಿರಲಿಲ್ಲ. ಊರು ಹತ್ತಿರವಾಗುವತನಕ ಅತ್ತೆ ಹೊರಗೆ ಕಬ್ಬಿನ ಗದ್ದೆಗಳನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದರು.

"ಅದನ್ನ ತಂದಾಕಿ ನಾನಽ ಏನವಾ?"

ಇಲ್ಲ ಎನ್ನಬಹುದಿತ್ತು. ನನ್ನ ಬಟ್ಟೆ ಒಗೆದ ಕೈಗಳು ಅವು. ಆದರೆ ನನಗೆ ಸಿಟ್ಟಿತ್ತು. ಮಗಳು ಅನ್ನದಲ್ಲಿ ಬಿದ್ದು ನನ್ನನ್ನು ನೋಡಿದ್ದು ಕಣ್ಣ ಮುಂದೆ ಇತ್ತು.

"ಹೌದ್ರಿ ಅತ್ತಿ," ಎಂದೆ.

ಅವರು ತಲೆಯಾಡಿಸಿದರು. ಸೆರಗಿನಿಂದ ಮೂಗು ಒರೆಸಿಕೊಂಡು, ಇಳಿಯುವಾಗ ನನ್ನ ರಟ್ಟೆ ಹಿಡಿದು ಇಳಿಸಿದರು.

ಮುಂದಿನ ಅಮಾವಾಸ್ಯೆ ಬರುವತನಕ ನನಗೆ ನಂಬಿಕೆ ಇರಲಿಲ್ಲ. ಡಾಕ್ಟರ ಮಾತು ದೊಡ್ಡದಿರಬಹುದು, ಎದೆ ಬಡಿತ ನನ್ನದಲ್ಲವೇ? ಅಮಾವಾಸ್ಯೆಯ ಬೆಳಿಗ್ಗೆ ಎದ್ದಾಗ ಓಣಿಯಲ್ಲಿ ಸದ್ದಿರಲಿಲ್ಲ. ಹೊರಗೆ ಮಾತು ಕೇಳಿಸಿತು. ಮಾಳಪ್ಪ ಭಾಗ್ಯಾಳ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದರು, ಮೊದಲ ಬಸ್ಸಿಗೇ ಸಮೀರವಾಡಿಯಿಂದ ಕರೆದುಕೊಂಡು ಬಂದಿದ್ದರು. ಇವತ್ತೇ ಯಾಕೆ ಕರೆತಂದಿರಿ, ನನಗೇನಾದರೂ ಆದರೆ ಎಂದು ನಾನು ಸಿಡುಕಿದೆ. ಅವರು ತಮ್ಮ ತಾಯಿಯ ಕಡೆ ನೋಡಿದರು.

"ಅಮಾಸಿ ದಿನಾನಽ ಬರಬೇಕಂತ ನಾನಽ ಹೇಳೇನಿ," ಎಂದರು ಅತ್ತೆ. "ಆಕಿ ಕಣ್ಣಾರೆ ನೋಡ್ಲಿ."

ಮಗಳು ಒಳಗೆ ಬರಲಿಲ್ಲ. ಹೊಸಿಲಿನ ಆಚೆಯೇ ಚೀಲ ಅವುಚಿಕೊಂಡು ನಿಂತಳು. ಅತ್ತೆ ಎಂದಿನಂತೆ ಮಗ್ಗ ಒರೆಸಿದರು, ಭಂಡಾರ ಹಚ್ಚಿದರು, ದೀಪ ಇಟ್ಟರು. ಕಂಡಿಕೆ ಸುತ್ತುವ ಯಂತ್ರಕ್ಕೂ ಹಚ್ಚಿದರು. ಆಮೇಲೆ ಕಿಟಕಿಯಿಂದ ನನ್ನ ಗುಳಿಗೆಯ ಡಬ್ಬಿ ತೆಗೆದುಕೊಂಡರು. ಅವರು ಅದನ್ನು ದೇವರ ಮಾಡಕ್ಕೆ ಒಯ್ಯಲಿಲ್ಲ. ಮಗ್ಗದ ಪಕ್ಕದಲ್ಲಿಟ್ಟು, ಮುಚ್ಚಳಕ್ಕೆ ಬೆರಳಿನಿಂದ ಭಂಡಾರ ಹಚ್ಚಿ, ಕೈ ಮುಗಿದರು. ಒಂದು ಗುಳಿಗೆ ಬಿಡಿಸಿ, ತಂಬಿಗೆ ನೀರಿನೊಂದಿಗೆ ನನ್ನ ಮುಂದೆ ಹಿಡಿದರು.

"ಮಗ್ಗಕ್ಕ ರಜಾ ಐತಿ," ಎಂದರು. "ನಿನಗಿಲ್ಲ."

ನುಂಗಿದೆ. ಆ ದಿನ ಕಳೆಯಿತು, ಕರಿಯೂ ಕಳೆಯಿತು, ಅದು ಬರಲಿಲ್ಲ. ಪಕ್ಕೆಯ ಉರಿ ಇಂದಿಗೂ ಇದೆ, ಚಳಿಗಾಲದಲ್ಲಿ ಕುಪ್ಪಸ ಹಾಕುವಾಗ ಈಗಲೂ ಹಲ್ಲು ಕಚ್ಚುತ್ತೇನೆ. ಗುಳಿಗೆ ಇಳಿಸಲು ಹಿಡಿದ ತಿಂಗಳುಗಳು ಸುಲಭದವಾಗಿರಲಿಲ್ಲ, ಕೆಲವು ಶಬ್ದಗಳು ಇನ್ನೂ ತಪ್ಪಿಸಿಕೊಳ್ಳುತ್ತವೆ. ಆದರೆ ಆ ಕರಿಯ ಮಧ್ಯಾಹ್ನ, ನಾನು ಗೋಡೆಗೆ ಒರಗಿ ಬೆವರು ಬರುತ್ತದೇನೋ ಎಂದು ಅಂಗೈ ನೋಡಿಕೊಳ್ಳುತ್ತಿದ್ದಾಗ, ಭಾಗ್ಯಾ ಮೆಲ್ಲಗೆ ಬಂದು ನೋವಿಲ್ಲದ ಎಡಮಗ್ಗುಲಿಗೆ ಕೂತಳು. ಮೊದಲು ಒಂದು ಬೆರಳಿನಿಂದ ನನ್ನ ತೋಳು ಮುಟ್ಟಿ ನೋಡಿದಳು. ಸ್ವಲ್ಪ ಹೊತ್ತು ತಡೆದಳು. ಆಮೇಲೆ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟಳು.